ನಾಗರತ್ನ ರುಜು ಹಾಕಿದ ಕಾಗದಗಳು

ನಾಗರತ್ನ ಮದುವೆಯಾಗಿ ಕುದೇರಿಗೆ ಬಂದ ಹದಿನೈದು ವರ್ಷದಲ್ಲಿ ಅವಳ ಮನೆಗೆ ಎಷ್ಟೋ ಸಲ ಬಂದುಹೋಗಿದ್ದರೂ ಅಣ್ಣನ ಹೆಂಡತಿ ಪುಟ್ಟಸಿದ್ದಮ್ಮ ಉಂಡ ತಟ್ಟೆಯನ್ನು ಎತ್ತಿಟ್ಟವಳಲ್ಲ. 2007ರ ಒಂದು ಬೆಳಿಗ್ಗೆ ಉಮ್ಮತ್ತೂರಿನಿಂದ ಬಂದವಳೇ ಮುಸುರೆ ಪಾತ್ರೆಗಳ ಮುಂದೆ ಕೂತಳು. ನಾಗರತ್ನನಿಗೆ ಆಗಲೇ ಅನುಮಾನ ಬಂತು.

"ಏನು ಬೇಕಾಗಿತ್ತು ಯೋಳಿ ಅತ್ಗೆ. ಪಾತ್ರೆ ನಾನು ಉಜ್ಕತೀನಿ."

ಬೇಕಾಗಿದ್ದುದು ರಕ್ತ. ಅಣ್ಣ ರಾಜಶೇಖರನಿಗೆ ರಕ್ತದ ಕ್ಯಾನ್ಸರ್. ಎರಡು ವರ್ಷದ ಹಿಂದೆ ಅವನಿಗೆ ನಾಗರತ್ನನ ಅಸ್ಥಿಮಜ್ಜೆ ಹಾಕಿದ್ದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದ ಮೂರನೇ ದಿನಕ್ಕೇ ಅವಳ ಅದೇ ಸೊಂಟದ ಮೇಲೆ ನೀರಿನ ಬಿಂದಿಗೆ ಕೂತಿತ್ತು. ಈಗ ಕಾಯಿಲೆ ಮರಳಿತ್ತು. ಅವಳ ಬಿಳಿ ರಕ್ತಕಣಗಳನ್ನು ಕೊಟ್ಟರೆ ಅವು ಕ್ಯಾನ್ಸರಿನ ಕಣಗಳನ್ನು ಗುರುತಿಸಿ ಕೊಲ್ಲಬಹುದು, ಖಾತ್ರಿಯಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು.

"ಮತ್ತೆ ಬೆಂಗ್ಳೂರಾ? ಇಲ್ಲಿ ಮುದ್ದೆ ತಿರುವೋರು ಯಾರು?" ಅತ್ತೆ ದೊಡ್ಡಮಲ್ಲಮ್ಮ ನಡುಮನೆಯಿಂದಲೇ ಕೂಗಿದರು.

ನಾಗರತ್ನನ ಚಿಂತೆ ಬೇರೆ. ಹಿಂದಿನ ಸಲ ಆಸ್ಪತ್ರೆಯಲ್ಲಿ ಅಣ್ಣ ತೋರಿಸಿದ ಕಾಗದಕ್ಕೆಲ್ಲ ಓದದೆ ರುಜು ಹಾಕಿದ್ದಳು. ಹೆಣ್ಣುಮಕ್ಕಳಿಗೂ ಪಾಲು ಎಂಬ ಕಾನೂನು ಬಂದ ವರ್ಷ ಅದು. ಆರು ತಿಂಗಳಲ್ಲಿ ಅಪ್ಪನ ಅರಿಸಿನದ ಹೊಲದ ಖಾತೆ ಅಣ್ಣನೊಬ್ಬನ ಹೆಸರಿಗಾಗಿತ್ತು.

ಆದರೂ ಹೋದಳು. ನರ್ಸು ಒಪ್ಪಿಗೆ ಪತ್ರ ಚಾಚಿದಾಗ, "ಒಂದೊಂದು ಸಾಲೂ ಓದಿ ಯೋಳವ್ವ" ಅಂದಳು. ಎರಡೂ ತೋಳಿಗೆ ಸೂಜಿ, ಮೂರು ಗಂಟೆ ಅಲ್ಲಾಡಬಾರದು, ತುಟಿ ಜುಮ್ಮೆನ್ನಬಹುದು. ಹೊಲದ ಮಾತಿರಲಿಲ್ಲ. ನಾಗರತ್ನ ಹಾಳೆ ಮಗುಚಿ ಹಿಂದುಗಡೆಯೂ ನೋಡಿದಳು.

"ಇನ್ನೂ ಏನಮ್ಮಿ ಅನುಮಾನ?" ಮಂಚದಲ್ಲಿದ್ದ ರಾಜಶೇಖರ ನಗಲು ನೋಡಿದ.

"ಇವತ್ತಿಂದಲ್ಲ ಕಣಣ್ಣ. ಆವತ್ತು ನಾನು ಎಷ್ಟು ಕಾಗ್ದಕ್ಕೆ ರುಜು ಹಾಕ್ದೆ?"

ಅವನು ಹೆಂಡತಿಯ ಮುಖ ನೋಡಿದ. "ಮೂರು."

"ಆಸ್ಪತ್ರೇವು?"

"ಎರಡು."

ಪೆನ್ನು ಅವಳ ಕೈಯಲ್ಲೇ ಇತ್ತು. ಅವಳು ಒಲ್ಲೆ ಅಂದರೆ ಅವನಿಗೆ ಬೇರೆ ದಾರಿಯಿಲ್ಲವೆಂದು ಮೂವರಿಗೂ ಗೊತ್ತಿತ್ತು. ನಾಗರತ್ನ ರುಜು ಹಾಕಿದಳು. ಪಕ್ಕದಲ್ಲಿ ತಾರೀಖನ್ನೂ ಬರೆದಳು.

"ರಕ್ತ ತಕೊ. ಊರಿಗೋದ ಮೇಲೆ ಚಾಮರಾಜನಗರದ ತಾಲ್ಲೂಕು ಕಚೇರೀಲಿ ಹೊಲದ ಖಾತೆ ಮೇಲೆ ತಕರಾರು ಅರ್ಜಿ ಕೊಡ್ತೀನಿ. ಅಷ್ಟೊತ್ಗೆ ಎದ್ದು ಓಡಾಡ್ತಿರು, ಬಂದು ಉತ್ತರ ಯೋಳೀಯಂತೆ."

ರಕ್ತದಿಂದ ಬಿಳಿ ಕಣ ಬೇರ್ಪಡಿಸುವ ಯಂತ್ರ ತಿರುಗತೊಡಗಿತು. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಅವಳ ಕೈಗಳು ಇಷ್ಟು ಹೊತ್ತು ಸುಮ್ಮನಿದ್ದುದು ಇದೇ ಮೊದಲು. ಪುಟ್ಟಸಿದ್ದಮ್ಮ ಕ್ಯಾಂಟೀನಿನಿಂದ ಇಡ್ಲಿ ತಂದು, ಮುರಿದು, ಬಾಯಿಯ ಹತ್ತಿರ ಹಿಡಿದಳು.

"ಬಾಯಿ ತೆಗಿ, ನಾಗಿ."

"ಮೊದ್ಲು ನೀವೊಂದು ತುತ್ತು ತಿನ್ನಿ, ಅತ್ಗೆ."

ಅತ್ತಿಗೆ ಆ ತುತ್ತನ್ನು ತಾನೇ ತಿಂದು, ಅವಳಿಗೆ ಇನ್ನೊಂದು ಮುರಿದಳು.