ಅಬ್ಬುಚ್ಚ ಮತ್ತು ನಮ್ಮ ಹಿಜ್ರಾ ನಡಿಗೆ

ಯಾರಾದರೂ ಬಿಸಿಲಲ್ಲಿ ನಡೆದುಕೊಂಡು ಹೋಗುವುದನ್ನು ಕಂಡರೆ ಅಬ್ಬುಚ್ಚನಿಗೆ ಸಿಟ್ಟು ಬರುತ್ತಿತ್ತು. ಸೌದಿಯ ಜಿದ್ದಾದ ಅಂಗಡಿಗಳಿಗೆ ನೀರಿನ ಬಾಟ್ಲಿ ಹಾಕುವ ಪಿಕಪ್ ಅವರದು. ದಾರಿಬದಿಯಲ್ಲಿ ನಡೆಯುವವನು ಬಂಗಾಳಿಯಿರಲಿ, ಯಮನಿಯಿರಲಿ, ಗಕ್ಕನೆ ಗಾಡಿ ನಿಲ್ಲಿಸಿ, "ಹತ್ತು ಮಾರಾಯ, ಕಾಲು ಜಾಸ್ತಿ ಉಂಟಾ ನಿನಗೆ?" ಎಂದು ನಮ್ಮ ಕನ್ನಡದಲ್ಲೇ ಗದರುತ್ತಿದ್ದರು. ಭಾಷೆ ತಿಳಿಯದಿದ್ದರೂ ಅವರೆಲ್ಲ ತೆಪ್ಪಗೆ ಹತ್ತಿ ಕೂರುತ್ತಿದ್ದರು. "ಅಲ್ಲಾಹು ಕಾಲು ಕೊಟ್ಟದ್ದು ನಮಾಜಿಗೆ ನಿಲ್ಲಲಿಕ್ಕೆ, ಡಾಮರಿನಲ್ಲಿ ಸುಡಲಿಕ್ಕೆ ಅಲ್ಲ" ಎಂದು ದಾರಿಯುದ್ದಕ್ಕೂ ಉಪದೇಶ ಬೇರೆ.

ವಿಟ್ಲದಿಂದ ಬಂದ ಹೊಸತರಲ್ಲಿ ಅವರು ಮರುಭೂಮಿಯಲ್ಲಿ ಕುರಿ ಕಾಯುವ ಕೆಲಸಕ್ಕೆ ಸಿಕ್ಕಿಬಿದ್ದಿದ್ದರಂತೆ. ವೀಸಾ ಕೊಟ್ಟ ಧಣಿ ಕಫೀಲನ ಕಣ್ಣು ತಪ್ಪಿಸಿ, ಕೇರಳದ ಗೆಳೆಯನೊಬ್ಬನ ಜೊತೆ ಹೆದ್ದಾರಿ ಹುಡುಕಿಕೊಂಡು ನಡೆದರು. ಹೆದ್ದಾರಿ ಮುಟ್ಟಿದ್ದು ಇವರೊಬ್ಬರೇ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ನಮ್ಮ ನಡಿಗೆಯ ಸುದ್ದಿ ಕೇಳಿದ ದಿನ.

ಪ್ರವಾದಿಯವರು ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ಹಾದಿಯಲ್ಲಿ ಮೂರು ದಿನವಾದರೂ ನಡೆಯಬೇಕೆಂದು ಜಿದ್ದಾದಲ್ಲಿ ದುಡಿಯುವ ನಾವು ಆರು ಜನ ಯುವಕರು ಹೊರಟಿದ್ದೆವು. ನಾನೇ ಮುಂದಾಳು. ಅಬ್ಬುಚ್ಚನ ಒಬ್ಬನೇ ಮಗ ಅಶ್ರಫ್, ಊರಿಂದ ಬಂದು ವರ್ಷ ತುಂಬದವನು, ಅವನೂ ಸೇರಿದ. ಹಿಜ್ರಾ ಎನ್ನುವ ಆ ಪ್ರಯಾಣ ನಡೆದದ್ದು ರಬೀಉಲ್ ಅವ್ವಲ್ ತಿಂಗಳಲ್ಲಿ, ನಾವೂ ಅದೇ ತಿಂಗಳಲ್ಲಿ ನಡೆಯಬೇಕೆಂದು ನಾನು ಹಟ ಹಿಡಿದೆ. ಚಂದ್ರನ ಲೆಕ್ಕದ ತಿಂಗಳು, ಒಂದೊಂದು ಕಾಲಕ್ಕೆ ಒಂದೊಂದು ಹವೆಯಲ್ಲಿ ಬರುತ್ತದೆ. ಆ ವರ್ಷ ಸುಡು ಬೇಸಗೆಗೆ ಬಂದಿತ್ತು.

"ಚಳಿಗಾಲದಲ್ಲಿ ಹೋಗಿ. ಪುಣ್ಯ ಎಂತ ಕಡಿಮೆ ಆಗ್ತದಾ? ನಿಮ್ಮದು ಎಸಿ ಆಫೀಸಿನ ಕಾಲು" ಎಂದರು ಅಬ್ಬುಚ್ಚ.

"ಪ್ರವಾದಿಯವರೂ ಬಿಸಿಲಲ್ಲೇ ನಡೆದದ್ದಲ್ವಾ?" ಎಂದೆ.

"ಅವರನ್ನು ಕೊಲ್ಲಲಿಕ್ಕೆ ಜನ ಬೆನ್ನು ಬಿದ್ದಿದ್ರು. ನಿಮ್ಮ ಬೆನ್ನಿಗೆ ಯಾರಿದ್ದಾರೆ ಮಾರಾಯ?"

ಆದರೂ ನಾನು ದಿನ ಬದಲಿಸಲಿಲ್ಲ.

ಇಷ್ಟೆಲ್ಲ ಬೈದವರು, ಪಿಕಪ್ ತುಂಬ ನೀರು ಹೇರಿಕೊಂಡು ನಮ್ಮ ಹಿಂದೆಯೇ ಬಂದರು. ಒಂದು ದಿನ ಸಹಿಸಿಕೊಂಡೆ. ಗಾಡಿ ಬೆನ್ನಿಗಿದ್ದರೆ ಅದೆಂಥ ಹಿಜ್ರಾ? ತೆಗೆದ ಫೋಟೋದಲ್ಲೆಲ್ಲ ಪಿಕಪ್ ಬೇರೆ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ, "ನೀವು ಹೆದ್ದಾರಿಯಲ್ಲಿರಿ ಅಬ್ಬುಚ್ಚ, ಬೇಕಾದರೆ ಫೋನ್ ಮಾಡ್ತೇವೆ" ಎಂದೆ. ಅವರು ಮಗನ ಮುಖ ನೋಡಿದರು. "ಹೋಗಿ ಉಪ್ಪಾ, ನಾಚಿಕೆ ಆಗ್ತದೆ" ಎಂದ ಅಶ್ರಫ್. ಅಬ್ಬುಚ್ಚ ಗಾಡಿ ತಿರುಗಿಸಿದರು.

ಹನ್ನೊಂದು ಗಂಟೆಯ ಹೊತ್ತಿಗೆ ಅಶ್ರಫ್ ಒಂದು ಬಂಡೆಯ ಪಕ್ಕ ಕೂತ. ಉಳಿದವರು ಮುಂದೆ ಹೋಗಿಯಾಗಿತ್ತು. "ಶಫೀ, ಉಪ್ಪನಿಗೆ ಫೋನ್ ಮಾಡು. ನನ್ನಿಂದ ಆಗುದಿಲ್ಲ" ಎಂದ. ಫೋನ್ ನನ್ನ ಕಿಸೆಯಲ್ಲೇ ಇತ್ತು. "ಇನ್ನೊಂದೇ ಗಂಟೆ, ಮೆಲ್ಲ ಬಾ" ಎಂದು ನಾನು ನಡೆದುಬಿಟ್ಟೆ. ಅವನು ಬಾರದ್ದು ಕಂಡು ತಿರುಗಿ ಬಂದಾಗ ಅವನ ಮಾತು ನಿಂತಿತ್ತು. ಆಗ ಫೋನ್ ಮಾಡಿದೆ. ಹತ್ತೇ ನಿಮಿಷದಲ್ಲಿ ಅಬ್ಬುಚ್ಚ ಬಂದರು. ಮಗನ ತಲೆಗೆ ಬಾಟ್ಲಿ ಬಾಟ್ಲಿ ನೀರು ಸುರಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಜಿದ್ದಾದಲ್ಲೇ ದಫನ ಮಾಡಿದೆವು. ತಿಂಗಳೊಳಗೆ ಅಬ್ಬುಚ್ಚ ಕೆಲಸ ಬಿಟ್ಟು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ದಾರಿಹೋಕರನ್ನೆಲ್ಲ ಬೈಯುತ್ತಿದ್ದ ಆ ಮನುಷ್ಯ, ಮಗ ಹೋದ ಮೇಲೆ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಳಗೆ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡರು.

"ಅವನು ನನ್ನನ್ನು ಕೇಳಿದನಾ ಶಫೀ? ಉಪ್ಪನನ್ನು ಕರಿ ಅಂತ?"

"ಇಲ್ಲ ಅಬ್ಬುಚ್ಚ. ಎಂತದೂ ಹೇಳಲಿಲ್ಲ."

"ಅಲ್‌ಹಮ್ದುಲಿಲ್ಲಾಹ್" ಎಂದು ಉಸಿರು ಬಿಟ್ಟರು. "ಹಾಗಾದ್ರೆ ಅವನಿಗೆ ಗೊತ್ತೇ ಆಗ್ಲಿಲ್ಲ. ಕರೆದು, ನಾನು ಬರ್ಲಿಲ್ಲ ಅಂತ ಕಾಯ್ತಾ ಇದ್ನೋ ಏನೋ, ಅದೊಂದೇ ಹೆದರಿಕೆ ಇತ್ತು ನನಗೆ."

ನನ್ನ ತಲೆಯ ಮೇಲೆ ಕೈಯಿಟ್ಟು, ನನಗೆ ಒಳ್ಳೆಯದಾಗಲೆಂದು ದುಆ ಮಾಡಿ, ಒಳಗೆ ಹೋದರು.

ಈ ರಂಜಾನಿನಲ್ಲಿ ಅಬ್ಬುಚ್ಚ ತೀರಿಕೊಂಡರೆಂದು ವಿಟ್ಲದಿಂದ ಸುದ್ದಿ ಬಂತು. ನಿಜ ಹೇಳಲು ನನಗೆ ಎರಡು ವರ್ಷ ಇತ್ತು. ಹೇಳಲಿಲ್ಲ.