ಪುಷ್ಪಾ ತಂದ ಶನಿವಾರದ ನಿಯಮ

ಪುಷ್ಪಾಳ ಬಗ್ಗೆ ಬರೆಯೋಣವೆಂದು ಕೂತರೆ ಯಾವ ಕಡೆಯಿಂದ ಶುರು ಮಾಡಲಿ ಎಂದೇ ತಿಳಿಯುವುದಿಲ್ಲ, ಅಷ್ಟು ಖುಷಿ ನನಗೆ. ಭದ್ರಾವತಿ ನ್ಯೂ ಟೌನಿನವಳು. ತಂದೆ ರಂಗಪ್ಪ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು. ಅಕ್ಕಪಕ್ಕದ ಕ್ವಾರ್ಟರ್ಸಿನಲ್ಲಿ ತಮಿಳರು, ತೆಲುಗರು ಇದ್ದದ್ದರಿಂದ ಶಾಲೆಗೆ ಸೇರುವ ಮೊದಲೇ ಅವಳಿಗೆ ಮೂರು ಭಾಷೆಯಲ್ಲಿ ಜಗಳವಾಡಲು ಬರುತ್ತಿತ್ತು. ನರ್ಸಿಂಗ್ ಓದಿದಳು, ಮದುವೆಯಾದಳು, ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಜೆರುಸಲೇಮಿಗೆ ಹೋಗಿ ಅಲ್ಲಿನ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಲ್ಲಿ ನಾಲ್ಕನೆಯ ಭಾಷೆಯಲ್ಲೂ ಜಗಳ ಕಲಿತಳು. ಅಜ್ಜಿ ತೀರಿಕೊಂಡ ಮೇಲೆ ಊರಿಗೆ ಮರಳಿದವಳು ಈಗ ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ, ಆಲ್ಕೊಳದ ನಮ್ಮ ಮನೆಗೆ ಬರುತ್ತಾಳೆ.

ನಾನು ಸ್ಫೂರ್ತಿ, ಈ ಮನೆಯ ಸೊಸೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಗಂಡ ಮಲ್ಲಿಕ್ ಬ್ಯಾಂಕಿನವರು, ಬೆಳಿಗ್ಗೆ ಹೊರಟರೆ ಸಂಜೆಯೇ ದರ್ಶನ. ಮಾವ ಷಣ್ಮುಖಪ್ಪ ಎಂಬತ್ತು ದಾಟಿದವರು, ನೆಂಟರಿಷ್ಟರಿಗೆಲ್ಲ ಹಿರಿಯರು. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದವರು. ಅತ್ತೆ ಸುಭದ್ರಮ್ಮನಿಗೆ ಸಕ್ಕರೆ ಕಾಯಿಲೆ, ಎರಡು ಹೊತ್ತೂ ಇನ್ಸುಲಿನ್. ಆದರೂ ಮಾವ ಪೂಜೆ ಮುಗಿಸಿ ಕೈಯಾರೆ ಪ್ರಸಾದ ಕೊಡುವವರೆಗೆ ಅವರು ನೀರನ್ನೂ ಮುಟ್ಟುವುದಿಲ್ಲ. ಹಾಗೆಂದು ಮಾವ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಡಾಕ್ಟರು ಹೇಳಿ ಸೋತರು, ನಾನು ಕೂಗಾಡಿ ಸೋತೆ. ದಿನದ ಪೂಜೆ ಬೇಗ ಮುಗಿಯುತ್ತಿದ್ದುದರಿಂದ ಹೇಗೋ ನಡೆದುಹೋಗುತ್ತಿತ್ತು. ಅತ್ತೆ ಜಾರಿ ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ನಮ್ಮ ಮನೆಗೆ ಪುಷ್ಪಾ ಬಂದಳು.

ಅವಳು ಬಂದ ವಾರದಲ್ಲೇ ನನಗೆ ಅವಳ ಹುಚ್ಚು ಹಿಡಿಯಿತು. ಸಂಜೆ ಕಾಲೇಜಿನಿಂದ ಬಂದವಳೇ ಕಾಫಿ ಲೋಟ ಹಿಡಿದು ಅವಳ ಮುಂದೆ ಕೂರುತ್ತಿದ್ದೆ. ಮಾವ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು, ಕೇಳಿಸಿಕೊಳ್ಳದವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಅವಳು ನೋಡಿಕೊಂಡ ಅಜ್ಜಿಯ ಹೆಸರು ಮಿರಿಯಮ್. ಗಂಡ ಡಾಕ್ಟರ್ ಏಲಿ, ವಯಸ್ಸಾಗಿ ಆಸ್ಪತ್ರೆ ಬಿಟ್ಟಿದ್ದ ವೈದ್ಯರು. ಬಿಳಿ ಗಡ್ಡ, ತಲೆ ಮೇಲೆ ಪುಟ್ಟ ಕರಿ ಟೋಪಿ. ಅಲ್ಲಿನ ಭಾಷೆಯಲ್ಲಿ ಅಜ್ಜನಿಗೆ ಸಬಾ ಎನ್ನುತ್ತಾರಂತೆ, ಪುಷ್ಪಾ ಹಾಗೆಯೇ ಕರೆಯುತ್ತಿದ್ದಳು. ಸಬಾರ ಮೇಜಿನ ಒಂದು ಬದಿಯಲ್ಲಿ ವೈದ್ಯಕೀಯದ ಪುಸ್ತಕ, ಇನ್ನೊಂದು ಬದಿಯಲ್ಲಿ ಯಹೂದಿಗಳ ಧರ್ಮಗ್ರಂಥ. ಎರಡನ್ನೂ ಒಂದೇ ಕನ್ನಡಕದಲ್ಲಿ ಓದುತ್ತಿದ್ದರು.

"ಶುಕ್ರವಾರ ಸೂರ್ಯ ಮುಳುಗಿದ್ರೆ ಮುಗೀತು ಮೇಡಂ," ಎಂದಳು ಪುಷ್ಪಾ. "ಶನಿವಾರ ಕತ್ತಲಾಗೋವರೆಗೆ ಸ್ವಿಚ್ ಮುಟ್ಟಲ್ಲ, ಒಲೆ ಹಚ್ಚಲ್ಲ, ಗಾಡಿ ಹತ್ತಲ್ಲ, ಫೋನೂ ಎತ್ತಲ್ಲ."

"ಮತ್ತೆ ಊಟ?"

"ಹಿಂದಿನ ದಿನಾನೇ ಮಾಡಿ ಬಿಸಿ ತಟ್ಟೆ ಮೇಲೆ ಇಟ್ಟಿರ್ತಾರೆ. ಲೈಟಿಗೆ ಟೈಮರ್. ಲಿಫ್ಟ್ ಇದ್ಯಲ್ಲ, ಅದು ಆವತ್ತು ತಾನೇ ಒಂದೊಂದು ಮಹಡೀಲೂ ನಿಂತು ನಿಂತು ಹೋಗುತ್ತೆ. ಯಾರೂ ಬಟನ್ ಒತ್ತೋದೇ ಬೇಡ."

ನಾನು ಕುಣಿಯುವುದೊಂದು ಬಾಕಿ. ಧರ್ಮಶಾಸ್ತ್ರ ತಿಳಿದವರೂ ಎಂಜಿನಿಯರೂ ಎದುರು ಬದುರು ಕೂತು, ನಿನಗೆ ಇದು ಬೇಕು, ನನಗೆ ಅದು ಆಗದು, ಹಾಗಾದರೆ ಹೀಗೆ ಮಾಡೋಣ ಎಂದು ಮಾತಾಡಿಕೊಂಡಂತೆ ಕಂಡಿತು. ನಮ್ಮ ಮನೆಯಲ್ಲಿ ಪೂಜೆಯ ಕೋಣೆಗೂ ನನ್ನ ವಿಜ್ಞಾನಕ್ಕೂ ಮಾತುಕತೆ ನಿಂತು ಎಷ್ಟೋ ವರ್ಷವಾಗಿತ್ತು.

"ನಿಂಗೆ ಹೇಳಿ ಲೈಟ್ ಹಾಕಿಸ್ಕೊಬಹುದಿತ್ತಲ್ಲ?" ಎಂದೆ.

"ನೇರವಾಗಿ ಹೇಳೋ ಹಂಗಿಲ್ಲ. ಅಜ್ಜಿ, 'ಪುಷ್ಪಾ, ಬಾತ್‌ರೂಮಲ್ಲಿ ತುಂಬ ಕತ್ತಲೆ ಅಲ್ವಾ' ಅಂತಿದ್ರು. ಮೊದಲ್ನೇ ಸಲ ನಾನು 'ಹೌದು ಅಜ್ಜಿ, ಕತ್ತಲೆ' ಅಂತ ಹೇಳಿ ಸುಮ್ನೆ ಕೂತಿದ್ದೆ."

ಪೇಪರಿನ ಹಿಂದೆ ಮಾವ ನಕ್ಕದ್ದು ಕೇಳಿಸಿತು.

ಆಮೇಲೆ ಅವಳು ಹೇಳಿದ ಕಥೆಯೇ ನಮ್ಮ ಮನೆಯನ್ನು ಬದಲಿಸಿದ್ದು. ಒಂದು ಶನಿವಾರ ಮಧ್ಯಾಹ್ನ ಮಿರಿಯಮ್ ಅಜ್ಜಿಗೆ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಪುಷ್ಪಾ ಫೋನಿಗೆ ಕೈ ಹಾಕಿದಳು. ಅವಳು ಯಹೂದಿಯಲ್ಲ, ಆ ನಿಯಮ ಅವಳಿಗಿಲ್ಲ, ಆದ್ದರಿಂದ ಈ ಕೆಲಸ ತನ್ನದೇ ಎಂದುಕೊಂಡಿದ್ದಳು. ಅಷ್ಟರಲ್ಲಿ ಸಬಾ ಪ್ರಾರ್ಥನೆಯ ಪುಸ್ತಕ ಮುಚ್ಚಿಟ್ಟು ಬಂದು, ಅವಳ ಕೈಯಿಂದ ಫೋನು ತೆಗೆದುಕೊಂಡು ತಾವೇ ಆಂಬುಲೆನ್ಸಿಗೆ ಕರೆ ಮಾಡಿದರು. ಹುಟ್ಟಿದಾಗಿನಿಂದ ಶನಿವಾರ ಸ್ವಿಚ್ ಮುಟ್ಟದಿದ್ದ ಮನುಷ್ಯ ಆಂಬುಲೆನ್ಸಿನಲ್ಲಿ ಹೆಂಡತಿಯ ಪಕ್ಕ ಕೂತು ಹೋದರು.

"ನಾನು ಕೇಳ್ದೆ, ಸಬಾ, ನಾನಿದ್ನಲ್ಲ, ನೀವ್ಯಾಕೆ ನಿಯಮ ಮುರಿದ್ರಿ ಅಂತ. ಅವ್ರು ಏನಂದ್ರು ಗೊತ್ತಾ? ಮುರಿದಿಲ್ಲ, ಇದೂ ನಿಯಮಾನೇ. ಜೀವಕ್ಕೆ ಅಪಾಯ ಇದ್ರೆ ಉಳಿದಿದ್ದೆಲ್ಲ ಬದಿಗೆ. ಅದನ್ನ ಮನೇಲಿ ಎಲ್ಲರಿಗಿಂತ ದೊಡ್ಡವನೇ ಮಾಡ್ಬೇಕು. ಹೊರಗಿನವರ ಕೈಲೋ ಮಕ್ಕಳ ಕೈಲೋ ಮಾಡಿಸಿದ್ರೆ, ನೋಡ್ದವರು ಇದೇನೋ ತಪ್ಪು ಕೆಲಸ ಅಂದ್ಕೊಳ್ತಾರೆ. ನಾಳೆ ಹೊರಗಿನವರು ಯಾರೂ ಸಿಗದೇ ಇದ್ರೆ ಹಿಂದೆ ಮುಂದೆ ನೋಡ್ತಾ ಕೂತುಬಿಡ್ತಾರೆ, ಅಷ್ಟರಲ್ಲಿ ಜೀವ ಹೋಗಿರುತ್ತೆ ಅಂದ್ರು."

ಆ ಧರ್ಮದ ಶಾಸ್ತ್ರ ಬರೆದಿಟ್ಟ ಮಹಾ ಪಂಡಿತರೊಬ್ಬರು ಎಂಟುನೂರು ವರ್ಷದ ಹಿಂದೆಯೇ ವೈದ್ಯರೂ ಆಗಿದ್ದರು ಎಂದೂ ಸಬಾ ಹೇಳಿದರಂತೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಉಪವಾಸದ ದಿನ ಕೂಡ, ತಿನ್ನದಿದ್ದರೆ ಜೀವಕ್ಕೆ ಅಪಾಯ ಎಂದು ವೈದ್ಯ ಹೇಳಿದರೆ ರೋಗಿ ತಿನ್ನಲೇಬೇಕು, ಹಟ ಹಿಡಿದು ಕೂತರೆ ಅದೇ ಪಾಪ. ಅತ್ತೆಯ ಕಡೆ ತಿರುಗಿ, "ಕೇಳಿಸ್ತಾ ಅತ್ತೆ?" ಎಂದೆ. ಅತ್ತೆ, "ಅದು ಅವರ ದೇವರು, ಇದು ನಮ್ಮ ದೇವರು," ಎಂದು ಹೂ ಕಟ್ಟುವುದನ್ನು ಮುಂದುವರಿಸಿದರು.

ಪೇಪರು ಮಡಿಸಿ ಮಾವ ಒಂದೇ ಒಂದು ಪ್ರಶ್ನೆ ಕೇಳಿದರು. "ಆ ಹಿರೀಕರು ಆಮೇಲೆ ಏನು ಮಾಡಿದ್ರಮ್ಮ?"

"ಅಜ್ಜಿ ಉಸಿರು ಸರಿಹೋದ ಮೇಲೆ ಆಸ್ಪತ್ರೆ ಮೂಲೇಲಿ ನಿಂತು, ಪ್ರಾರ್ಥನೆ ಎಲ್ಲಿಗೆ ಬಿಟ್ಟಿದ್ರೋ ಅಲ್ಲಿಂದಲೇ ಶುರು ಮಾಡಿದ್ರು ಅಪ್ಪಾಜಿ. ಮನೆಗೆ ಬರೋಕೆ ಗಾಡಿ ಹತ್ತಲಿಲ್ಲ. ಈಗ ಯಾರ ಜೀವಕ್ಕೂ ಅಪಾಯ ಇಲ್ವಲ್ಲ, ಅಂತ ನಕ್ಷತ್ರ ಕಾಣೋವರೆಗೆ ಅಲ್ಲೇ ಬೆಂಚಿನ ಮೇಲೆ ಕೂತಿದ್ರು."

ಮಾವ "ಹೂಂ" ಎಂದು ಮತ್ತೆ ಪೇಪರು ಬಿಡಿಸಿದರು.

ಶ್ರಾವಣ ಬಂತು. ಸೋಮವಾರದ ಪೂಜೆ ಎಂದರೆ ಮಾವ ಬೆಳಿಗ್ಗೆ ಕೂತರೆ ಏಳುವುದು ಹೊತ್ತೇರಿದ ಮೇಲೆ. ಮೊದಲ ಸೋಮವಾರ ಪುಷ್ಪಾಳ ಬಸ್ಸು ತಡವಾಯಿತು. ನಾನು ಅಡುಗೆ ಮನೆಯಲ್ಲಿದ್ದೆ. ಅತ್ತೆ ದಿನದಂತೆ ತಾವೇ ಇನ್ಸುಲಿನ್ ಚುಚ್ಚಿಕೊಂಡು ಕೂತಿದ್ದರು. ಅವರ ಲೆಕ್ಕಾಚಾರ ನೋಡಿ: ಸೂಜಿ ಹೋಗುವುದು ಚರ್ಮದ ಒಳಗೆ, ಬಾಯೊಳಗಲ್ಲ. ಹಾಗಾಗಿ ಔಷಧಿ ತೆಗೆದುಕೊಂಡರೆ ಡಾಕ್ಟರ ಮಾತೂ ನಡೆಯಿತು, ತಿಂಡಿ ಬಿಟ್ಟರೆ ನೇಮವೂ ಉಳಿಯಿತು. ಸೂಜಿ ಹಾಕಿಕೊಂಡು ತಿನ್ನದೆ ಕೂರುವುದು ಎಷ್ಟು ಅಪಾಯ ಎಂದು ಅವರಿಗೆ ಎಷ್ಟು ಸಲ ಹೇಳಿರಲಿಲ್ಲ ನಾವು.

ಪುಷ್ಪಾ ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತೆಯ ಮುಖ ನೋಡಿದವಳೇ ಬ್ಯಾಗನ್ನು ಕೆಳಗೆ ಹಾಕಿದಳು. ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಐವತ್ತೂ ಇರಲಿಲ್ಲ. ನಾನು ಓಡಿಹೋಗಿ ಸಕ್ಕರೆ ನೀರು ಕಲಸಿ ತಂದೆ. ಅತ್ತೆ ತುಟಿ ಬಿಗಿ ಹಿಡಿದರು. ಲೋಟ ತುಟಿಗೆ ಒತ್ತಿದರೆ ಅರ್ಧ ನೀರು ಸೀರೆಯ ಮೇಲೆ.

"ಅತ್ತೆ, ಕುಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಅವರ ಪೂಜೆ... ಆಗ್ಲಿ," ಎಂದರು. ನಾಲಿಗೆ ತೊದಲುತ್ತಿತ್ತು.

ನಾನು 108ಕ್ಕೆ ಫೋನ್ ಮಾಡಿದೆ. ಹೊರಟಿದ್ದೇವೆ ಎಂದರು. ಪುಷ್ಪಾ ನನ್ನ ಕಿವಿಯಲ್ಲಿ ಹೇಳಿದಳು, "ಮೇಡಂ, ಎಚ್ಚರ ಇರೋವರೆಗೆ ಮಾತ್ರ ಬಾಯಿಗೆ ಕೊಡಬಹುದು. ತಪ್ಪಿದ್ರೆ ಕೊಡೋ ಹಂಗಿಲ್ಲ, ಉಸಿರಿನ ಕೊಳವೆಗೆ ಹೋಗುತ್ತೆ." ನನಗೆ ಅಳು ಬಂತು. ಕೈಯಲ್ಲಿ ಸಕ್ಕರೆ ಇದೆ, ಎದುರಿಗೆ ಸಕ್ಕರೆ ಇಲ್ಲದೆ ಹೋಗುತ್ತಿರುವ ಜೀವ ಇದೆ, ನಡುವೆ ಎರಡು ತುಟಿ.

ಪುಷ್ಪಾ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ನೇರವಾಗಿ ಪೂಜೆಯ ಕೋಣೆಯ ಹೊಸ್ತಿಲಿಗೆ ಹೋದಳು. ಪೂಜೆಯ ನಡುವೆ ಅಲ್ಲಿ ನಿಂತು ಮಾವನನ್ನು ಕರೆದವರನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿಲ್ಲ.

"ಅಪ್ಪಾಜಿ, ಅಮ್ಮನಿಗೆ ಶುಗರ್ ಇಳಿದಿದೆ. ಜೀವಕ್ಕೆ ಅಪಾಯ ಇದೆ. ನಾವು ಕೊಟ್ರೆ ಕುಡೀತಿಲ್ಲ. ನೀವು ಕೊಟ್ರೆ ಅದು ಪ್ರಸಾದ ಆಗುತ್ತೆ. ದೊಡ್ಡೋರು ನೀವೇ ಬರ್ಬೇಕು."

ಮಾವನ ದೃಷ್ಟಿ ಅಂಗೈಯ ಲಿಂಗದ ಮೇಲಿತ್ತು. ಕದಲಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಏನಾದರೂ ಕೂಗಿಬಿಡುತ್ತಿದ್ದೆ, ಅಷ್ಟರಲ್ಲಿ ಅವರು ಬಲಗೈಯನ್ನು ನೆಲಕ್ಕೆ ಊರಿ ಮೇಲೆದ್ದರು. ಎಡ ಅಂಗೈಯಲ್ಲಿ ಲಿಂಗ ಹಾಗೆಯೇ ಇತ್ತು, ಮೇಲೆ ಒಂದು ಬಿಲ್ವಪತ್ರೆಯೂ ಇತ್ತು. ಬಲಗೈಯಲ್ಲಿ ಲೋಟ ಹಿಡಿದು, ಮಡಿಯಲ್ಲೇ ನಡುಮನೆಗೆ ಬಂದು ಅತ್ತೆಯ ಮುಂದೆ ನೆಲದ ಮೇಲೆ ಕೂತರು.

"ಸುಭದ್ರಾ, ಬಾಯಿ ತೆಗಿ," ಎಂದರು.

ಅವರು ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಮಾವನ ಮುಖ ನೋಡಿದರು, ಅಂಗೈಯ ಲಿಂಗ ನೋಡಿದರು, ಬಾಯಿ ತೆರೆದರು. ಮಾವ ಗುಟುಕು ಗುಟುಕಾಗಿ ಕುಡಿಸಿದರು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಸಕ್ಕರೆ ನೀರು. ಆ ಮುದುಕರ ಎರಡು ಕೈಗಳನ್ನು ನೋಡುತ್ತ ನಾನು ಗಳಗಳನೆ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯ ನಡುಕ ನಿಂತಿತು. ಪುಷ್ಪಾ ಮತ್ತೆ ಬೆರಳು ಚುಚ್ಚಿ ನೋಡಿ, "ಏರ್ತಾ ಇದೆ," ಎಂದು ನಕ್ಕಳು. ಎರಡು ಇಡ್ಲಿ ತಂದಳು, ಅದನ್ನೂ ಮಾವನೇ ತಿನ್ನಿಸಿದರು. ಆಂಬುಲೆನ್ಸಿನವರು ಬಂದು ಪರೀಕ್ಷೆ ಮಾಡಿ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೋದರು. ಆಗ ಮಾವ ಎದ್ದರು.

"ಪುಷ್ಪಾ, ಆ ಹಿರೀಕರು ಎಲ್ಲಿಗೆ ಬಿಟ್ಟಿದ್ರೋ ಅಲ್ಲಿಂದಲೇ ಶುರು ಮಾಡಿದ್ರು ಅಂದ್ಯಲ್ಲ?"

"ಹೌದು ಅಪ್ಪಾಜಿ."

ಅವರು ಒಳಗೆ ಹೋಗಿ ಮಣೆಯ ಮೇಲೆ ಕೂತು ಪೂಜೆ ಮುಂದುವರಿಸಿದರು. ಬಾಗಿಲು ಮಾತ್ರ ತೆರೆದೇ ಇತ್ತು.

ಕಥೆ ಇಲ್ಲಿಗೇ ಮುಗಿದಿದ್ದರೂ ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಮುಂದಿನ ಸೋಮವಾರ ಬಂತು. ಆ ದಿನ ನಮ್ಮ ಮನೆಯಲ್ಲಿ ನೆಂಟರಿಗೆಲ್ಲ ಪ್ರಸಾದದ ಊಟ, ನಡುಮನೆ ತುಂಬ ಜನ. ಮಾವನ ತಂಗಿ ಈಶ್ವರಮ್ಮನೂ ಬಂದಿದ್ದರು. ನೇಮದಲ್ಲಿ ಅಣ್ಣನನ್ನೂ ಮೀರಿಸಿದವರು ಅವರು. ಮಾವ ಸ್ನಾನ ಮಾಡಿ ಬಂದು, ಪೂಜೆಯ ಕೋಣೆಗೆ ಹೋಗದೆ ಅಡುಗೆ ಮನೆಗೆ ಹೋದರು. ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು ಬಂದು ಎಲ್ಲರೆದುರು ಅತ್ತೆಯ ಕೈಯಲ್ಲಿಟ್ಟರು.

"ಇವಳಿಗೆ ಸೂಜಿ ಆಗಿದೆ. ತಿಂದ ಮೇಲೆ ನಾನು ಪೂಜೆಗೆ ಕೂರ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಅತ್ತೆ ತಲೆ ತಗ್ಗಿಸಿ ತಿನ್ನತೊಡಗಿದರು. ನಾನು ಪುಷ್ಪಾಳ ಕಡೆ ನೋಡಿದೆ. ಅವಳು ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಜ್ಜಿಯ ನೆನಪಾಯಿತೋ ಸಬಾ ನೆನಪಾದರೋ, ಕಣ್ಣು ತುಂಬಿತ್ತು.

ಆಗ ಈಶ್ವರಮ್ಮ ಮೆಲ್ಲಗೆ ತಮ್ಮ ಕೈಚೀಲ ತೆರೆದರು. ಕಾಗದದಲ್ಲಿ ಸುತ್ತಿದ ಒಂದು ಮಾತ್ರೆ ಹೊರಗೆ ಬಂತು. ಪೂಜೆಗೆ ಮುಂಚೆ ನೀರು ಮುಟ್ಟಬಾರದೆಂದು ಅವರು ಬೆಳಗಿನ ಮಾತ್ರೆಯನ್ನು ಮಧ್ಯಾಹ್ನಕ್ಕೆ ತಳ್ಳುತ್ತಿದ್ದ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನಂದೂ ಒಂದು ಹೃದಯದ ಮಾತ್ರೆ ಇತ್ತು. ಬೆಳಿಗ್ಗೆನೇ ತಗೋಬೇಕು ಅಂದಿದ್ರು ಡಾಕ್ಟರು," ಎಂದರು. "ಒಂದು ಲೋಟ ನೀರು ಕೊಡ್ತೀಯೇನೇ ಮಾರಾಯ್ತಿ, ಪುಷ್ಪಾ?"

ಪುಷ್ಪಾ ಅಡುಗೆ ಮನೆಗೆ ಹೊರಟಳು. ಮಾವ ಕೈ ಅಡ್ಡ ಹಿಡಿದು ಅವಳನ್ನು ನಿಲ್ಲಿಸಿದರು.

"ನೀನಿರಮ್ಮ," ಎಂದರು. "ನಾನು ತರ್ತೀನಿ."