ನಾನು ಹಿಡಿದುಕೊಟ್ಟ ದೆವ್ವ

ಈಚೆಗೆ ಸಿನಿಮಾ ಟೆಂಟುಗಳಿಗೆ ಬರುವ ದೆವ್ವದ ಚಿತ್ರಗಳಲ್ಲಿ ದೆವ್ವವೇ ಇರುವುದಿಲ್ಲ. ಬಿಳಿ ಸೀರೆ, ಗಾಳಿ, ಬಾಗಿಲಿನ ಕಿರುಗುಟ್ಟುವಿಕೆ ಎಲ್ಲ ಆದಮೇಲೆ ಒಬ್ಬ ಬುದ್ಧಿವಂತ ಬಂದು ಮುಸುಕು ಎಳೆಯುತ್ತಾನೆ. ನೆಲದ ಮೇಲೆ ಕೂತ ಜನ ಸಿಳ್ಳೆ ಹೊಡೆಯುತ್ತಾರೆ. ಹೋದ ತಿಂಗಳು ಮಾಲೂರಿನಲ್ಲಿ ನೋಡಿದ ಚಿತ್ರದಲ್ಲಿ ಮುಸುಕಿನೊಳಗೆ ಇದ್ದವಳು ಒಬ್ಬ ಹುಡುಗಿ. ಯಾಕೆ ಹೀಗೆ ಮಾಡಿದೆ ಎಂದು ಆ ಬುದ್ಧಿವಂತ ಅವಳನ್ನು ಕೇಳಲೇ ಇಲ್ಲ. ನಾನು ಎದ್ದು ಹೊರಗೆ ಬಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ದೆವ್ವದ ಚಿತ್ರಗಳನ್ನು ಮಾತಿಲ್ಲದ ಬಯೋಸ್ಕೋಪಿನ ಕಾಲದಿಂದ ಬಿಡದೆ ನೋಡಿದವನು. ನನಗೆ ಹೆದರಿಕೆಗಿಂತ ಅನುಮಾನವೇ ರುಚಿ. ಹಾರುವ ಹೆಣಕ್ಕೆ ದಾರ ಎಲ್ಲಿ ಕಟ್ಟಿದ್ದಾರೆ, ಹೊಗೆ ಯಾವ ಮೂಲೆಯಿಂದ ಬಿಡುತ್ತಿದ್ದಾರೆ, ಒಬ್ಬಳಿಗೆ ಎರಡು ನೆರಳು ಯಾಕೆ ಎಂದು ಹುಡುಕುತ್ತ ಕೂರುತ್ತಿದ್ದೆ. ಮಾತು ಬಂದಮೇಲೆ ದೆವ್ವಗಳು ಹಾಡತೊಡಗಿದವು. ನನ್ನ ಅನುಮಾನ ಇನ್ನೂ ಹೆಚ್ಚಿತು.

ಸೀಮೆಎಣ್ಣೆಗೆ ರೇಷನ್ ಇದ್ದ ಕಾಲ. ಒಂದು ದಿನ ತರಕಾರಿ ಮಾರಲು ತಂಗಿಯನ್ನೂ ಕರೆದುಕೊಂಡು ಗಾಡಿಯಲ್ಲಿ ಕೋಲಾರಕ್ಕೆ ಹೋದೆ. ಅವಳಿಗೆ ಹದಿನಾರು. ಮಾರಾಟ ಮುಗಿದ ಮೇಲೆ ಮನೆಯಲ್ಲಿ ಹೇಳದೆ ಟೆಂಟಿಗೆ ನುಗ್ಗಿದೆವು. ಆ ಚಿತ್ರದ ದೆವ್ವ ಕತ್ತನ್ನು ಎಡಕ್ಕೆ ವಾಲಿಸಿ, ತಡೆದು ತಡೆದು ಮೂರು ಸಲ ನಗುತ್ತಿತ್ತು.

"ಅಣ್ಣ, ಕಣ್ಣು ಅಷ್ಟು ಬೆಳ್ಳಗೆ ಹೆಂಗೆ ಮಾಡ್ತಾಳೆ?" ಎಂದು ವಾಪಸು ಬರುವಾಗ ಕೇಳಿದಳು.

"ಗುಡ್ಡೆ ಮೇಲಕ್ಕೇರಿಸೋದು ಕಣೇ, ಅಷ್ಟೆ" ಎಂದು ಮಾಡಿ ತೋರಿಸಿದೆ.

ಆಮೇಲೆ ಶ್ರೀನಿವಾಸಪುರದ ಸಂಬಂಧ ಬಂತು. ಗಂಡಿಗೆ ನಲವತ್ತು ದಾಟಿತ್ತು, ಮೊದಲ ಹೆಂಡತಿ ತೀರಿಹೋಗಿದ್ದಳು. ಕೊಟ್ಟು ತರುವ ಒಪ್ಪಂದ: ನನ್ನ ತಂಗಿ ಅವನಿಗೆ, ಅವನ ಅಣ್ಣನ ಮಗಳು ನನಗೆ. ಆ ಹುಡುಗಿಯನ್ನು ನಾನು ಒಮ್ಮೆ ನೋಡಿದ್ದೆ. ಮನಸ್ಸಿಗೆ ಹಿಡಿಸಿದ್ದಳು. ನನ್ನ ತಂಗಿಯನ್ನು ಯಾರೂ ಏನೂ ಕೇಳಲಿಲ್ಲ.

ತಾಂಬೂಲ ಬದಲಾಯಿಸಲು ಎಂಟು ದಿನ ಇರುವಾಗ ಅವಳಿಗೆ ದೆವ್ವ ಹಿಡಿಯಿತು. ನಮ್ಮ ವಕ್ಕಲೇರಿ ಕಡೆ ಹುಡುಗಿಯ ಇಷ್ಟ ಕೇಳುವುದಿಲ್ಲ. ದೆವ್ವದ ಇಷ್ಟವನ್ನು ಕೈಮುಗಿದು ಕೇಳುತ್ತಾರೆ. ಮಧ್ಯಾಹ್ನ ಪೂಜಾರಿ ಬಂದ. ಅಂಗಳದ ತುಂಬ ಜನ. ಅವನು ಬೇವಿನ ಸೊಪ್ಪು ಬೀಸುತ್ತ ಕೇಳಿದ:

"ಯಾರೇ ನೀನು? ಏನ್ ಬೇಕು?"

"ಈ ಹುಡುಗೀನ ಆ ಮನೆಗೆ ಕೊಡಬೇಡಿ. ಕೊಟ್ರೆ ನಾನು ಕರ್ಕೊಂಡ್ ಹೋಗ್ತೀನಿ."

ಅಪ್ಪ ಕೈಮುಗಿದ. "ಇಲ್ಲ ತಾಯಿ, ಕೊಡಲ್ಲ. ಬಿಟ್ಟುಬಿಡು."

ಅಷ್ಟರಲ್ಲಿ ಅವಳ ಕತ್ತು ಎಡಕ್ಕೆ ವಾಲಿತು. ಮೂರು ಸಲ ನಕ್ಕಳು.

"ಕೈ ಇಳಿಸಪ್ಪ" ಎಂದೆ ನಾನು. "ಇದು ಕೋಲಾರದ ಟೆಂಟಲ್ಲಿ ನಾವಿಬ್ರೂ ನೋಡಿದ ದೆವ್ವ. ಬೇಕಾದ್ರೆ ನಾನೂ ಆಗ್ತೀನಿ ನೋಡಿ." ಗುಡ್ಡೆ ಮೇಲಕ್ಕೇರಿಸಿ, ಕತ್ತು ವಾಲಿಸಿ ನಕ್ಕು ತೋರಿಸಿದೆ.

ಅಂಗಳ ಗೊಳ್ಳೆಂದಿತು. "ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕ್ತೀಯೇನ್ಲಾ?" ಎಂದು ಪೂಜಾರಿಯೂ ನಕ್ಕ. ತಂಗಿ ಮಾತ್ರ ನಗಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು, ಬಿಚ್ಚಿದ ಕೂದಲನ್ನು ತಾನೇ ಗಂಟು ಹಾಕಿಕೊಂಡಳು.

ಎರಡು ಮದುವೆಯೂ ಒಂದೇ ಚಪ್ಪರದಲ್ಲಿ ನಡೆದವು.

ಸುಳ್ಳನ್ನು ಸುಳ್ಳು ಎಂದೆ, ಅದರಲ್ಲಿ ತಪ್ಪೇನು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅಪ್ಪ "ಕೊಡಲ್ಲ" ಎಂದ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ನನಗೆ ಗೊತ್ತುಮಾಡಿದ್ದ ಆ ಹುಡುಗಿಯ ಮುಖ. ಅದನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲರ ಮೇಲೂ ಅನುಮಾನಪಟ್ಟ ನಾನು ನನ್ನೊಬ್ಬನನ್ನು ಬಿಟ್ಟಿದ್ದೆ.

ಮಾಲೂರಿನ ಆ ಚಿತ್ರ ನೋಡಿದ ಮರುವಾರ ಶ್ರೀನಿವಾಸಪುರಕ್ಕೆ ಹೋಗಿ ತಂಗಿಗೆ ಎಲ್ಲ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ನಿನಗೆ ಗೊತ್ತಾಗುತ್ತೆ ಅಂತ ನನಗೆ ಗೊತ್ತಿತ್ತು ಕಣಣ್ಣ" ಎಂದಳು. "ಹೇಳಲ್ಲ ಅಂದ್ಕೊಂಡಿದ್ದೆ."